ಭಾನುವಾರದವರೆಗೆ ಕೀಳಬಾರದ ಹಲ್ಲು

ಚಿತ್ರಗಳಿಗೆ ಕಟ್ಟು ಹಾಕುವವರಿಗೆ ಒಂದು ಕೆಟ್ಟ ಚಾಳಿ. ಸಣ್ಣ ಮೊಳೆಗಳನ್ನು ಬಾಯಲ್ಲಿ ಕಚ್ಚಿಕೊಂಡು ಒಂದೊಂದಾಗಿ ತೆಗೆದು ಹೊಡೆಯುತ್ತಾರೆ. ಮೊಳೆಯಣ್ಣನಿಗೆ ಆ ಹೆಸರು ಬಂದದ್ದೇ ಹಾಗೆ. ಇಪ್ಪತ್ತಾರು ವರ್ಷದಲ್ಲಿ ಅವನ ಗಂಟಲೊಳಗೆ ಒಂದು ಮೊಳೆಯೂ ಇಳಿದಿಲ್ಲ, ಬಾಯಿಂದ ಒಂದು ಒಳ್ಳೆ ಮಾತೂ ಹೊರಬಿದ್ದಿಲ್ಲ ಎಂದು ಅವನ ಹೆಂಡತಿ ಹೇಳುವುದುಂಟು.

ಏಳು ವಾರದ ಹಿಂದಿನ ಭಾನುವಾರ ಅಂಗಡಿಯ ರೇಡಿಯೋದಲ್ಲಿ ಫುಟ್‌ಬಾಲ್ ಕಪ್ಪಿನ ಪಂದ್ಯ ಬರುತ್ತಿತ್ತು. ಊರಿನ ತಂಡವೆಂದರೆ ಪಟ್ಟಿಯಲ್ಲಿ ಕೆಳಗಿನಿಂದ ಹುಡುಕಿದರೆ ಬೇಗ ಸಿಗುವಂಥದ್ದು. ಅಂಥದ್ದು ಕೊನೆಯ ನಿಮಿಷದಲ್ಲಿ ಗೋಲು ಹೊಡೆದುಬಿಟ್ಟಿತು. ಬಾಯಲ್ಲಿ ಮೊಳೆ ಇದ್ದದ್ದನ್ನು ಮರೆತು ಮೊಳೆಯಣ್ಣ ಹಲ್ಲು ಕಚ್ಚಿ ಮುಷ್ಟಿ ಎತ್ತಿದ. ಎಡಗಡೆಯ ದವಡೆಹಲ್ಲು ಟಕ್ಕನೆ ಸೀಳಿತು. ಅವನು ಕಿರುಚಿದ್ದನ್ನು ಕೇಳಿದ ಬೀದಿ ಅದನ್ನು ಗೋಲಿನ ಖುಷಿ ಎಂದುಕೊಂಡಿತು.

ಮುಂದಿನ ವಾರ ಹಲ್ಲು ನೋಯುತ್ತಿತ್ತು, ತಂಡ ಗೆದ್ದಿತು. ಅದರ ಮುಂದಿನ ವಾರವೂ ಅಷ್ಟೇ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಯಾರಾದರೂ ಹೇಳಬಹುದಿತ್ತು. ಹೇಳುವ ಬುದ್ಧಿವಂತರು ಆ ಬೀದಿಯಲ್ಲಿ ಹುಟ್ಟಿರಲಿಲ್ಲ. ಅಭಿಮಾನಿ ಸಂಘದ ಅಧ್ಯಕ್ಷನಾದ ಕ್ಷೌರದಂಗಡಿಯವನು ತುರ್ತುಸಭೆ ಕರೆದು ನಿರ್ಣಯ ಬರೆಸಿದ: "ಸದರಿ ಹಲ್ಲನ್ನು ಫೈನಲ್ ಪಂದ್ಯ ಮುಗಿಯುವವರೆಗೆ ಕೀಳತಕ್ಕದ್ದಲ್ಲ, ತುಂಬಿಸತಕ್ಕದ್ದಲ್ಲ, ಸಮಾಧಾನಪಡಿಸತಕ್ಕದ್ದಲ್ಲ." ಕೆಳಗೆ ಮೊದಲ ಸಹಿ ಹಲ್ಲಿನ ಡಾಕ್ಟರದ್ದು.

ನಾಲ್ಕನೇ ಪಂದ್ಯದ ದಿನ ತಡೆಯಲಾರದೆ ಮೊಳೆಯಣ್ಣ ಒಂದು ನೋವಿನ ಮಾತ್ರೆ ನುಂಗಿದ. ಅವತ್ತು ತಂಡ ಸೋಲಿನ ಬಾಯಿಗೆ ಹೋಗಿ ಹೇಗೋ ವಾಪಸು ಬಂತು. ಆಮೇಲೆ ಊರಿನ ಔಷಧಿ ಅಂಗಡಿಗಳಲ್ಲಿ ಅವನಿಗೆ ಮಾತ್ರೆ ಸಿಗಲಿಲ್ಲ. ಉಳಿದ ಡಾಕ್ಟರುಗಳೂ ಹುಷಾರಾದರು. ಗೆಲುವು ಯಾರ ನೋವಿನಲ್ಲಿದೆಯೋ ಯಾರಿಗೆ ಗೊತ್ತು? ಆ ಮೊದಲ ಗೋಲಿನ ದಿನ ಶುರುವಾದ ಯಾವ ನೋವನ್ನೂ ಫೈನಲ್ ಮುಗಿದ ಸೋಮವಾರದವರೆಗೆ ಮುಟ್ಟುವುದಿಲ್ಲ ಎಂದು ತೀರ್ಮಾನಿಸಿದರು. ಸೊಂಟ ಹಿಡಿದುಕೊಂಡವರೂ ಕಿವಿ ಸೋರುವವರೂ ಊರಿಗಾಗಿ ನರಳುತ್ತಾ ಕೂತರು.

ಮೊಳೆಯಣ್ಣನಿಗೆ ನೋವು ನಿಜ, ಆದರೆ ಸುಖವೂ ಇತ್ತು. ಜೀವಮಾನವಿಡೀ ಮೈದಾನದಲ್ಲಿ ಕಂಬದ ಹಿಂದೆ ನಿಂತು ಅರ್ಧ ಆಟ ನೋಡಿದವನು ಅವನು. ಈ ಭಾನುವಾರದ ಫೈನಲ್‌ಗೆ ಗೋಲಿನ ಹಿಂದಿನ ಎರಡನೇ ಸಾಲಿನಲ್ಲಿ ಒಂದು ಕುರ್ಚಿ ಕಾದಿತ್ತು. ಅದರ ಬೆನ್ನಿಗೆ ಸೀಮೆಸುಣ್ಣದಲ್ಲಿ 'ಹಲ್ಲು' ಎಂದು ಬರೆದಿದ್ದರು. ಎದುರಾಳಿಗಳು ಮೂರು ಸಲದ ಚಾಂಪಿಯನ್ನರು. ಅವರ ಉದ್ದಕಾಲಿನ ಫಾರ್ವರ್ಡ್ ಬಂದರೆ ನಮ್ಮ ಗೋಲ್‌ಕೀಪರ್ ಯಾವ ಕಡೆ ಹಾರಬೇಕು ಎಂಬುದನ್ನು ಮೊಳೆಯಣ್ಣ ಕೈಯಾಡಿಸಿ ವಿವರಿಸಿದರೆ, ಈಗ ಜನ ನಿಂತು ಕೇಳುತ್ತಿದ್ದರು.

ಗುರುವಾರ ಬೆಳಿಗ್ಗೆ ಎದ್ದಾಗ ನೋವಿರಲಿಲ್ಲ.

ನಾಲಿಗೆಯಿಂದ ತಡವಿದ. ತಣ್ಣೀರು ಮುಕ್ಕಳಿಸಿದ. ಸುತ್ತಿಗೆಯ ಹಿಡಿಯಿಂದ ಕುಟ್ಟಿಯೂ ನೋಡಿದ. ಹಲ್ಲು ಸತ್ತುಹೋಗಿತ್ತು. ಕೆನ್ನೆಗೆ ಕೈ ಹಚ್ಚಿ, ಮುಖ ಹಿಂಡಿಕೊಂಡು ಇಡೀ ದಿನ ಅಂಗಡಿಯಲ್ಲಿ ಕೂತ. ಬಂದವರು ಹಲ್ಲು ಹೇಗಿದೆಯೆಂದು ಕೇಳಿ ಸಂತೋಷದಿಂದ ಹೋದರು.

ಶುಕ್ರವಾರ ಮಧ್ಯಾಹ್ನ ಹೆಂಡತಿ ಎಂದಿನಂತೆ ಉಪ್ಪುನೀರಿನ ಲೋಟ ಹಿಡಿದು ಮಹಡಿಯಿಂದ ಅಂಗಡಿಗೆ ಇಳಿದು ಬಂದಳು. ಗಂಡ ಗಾಜಿನ ಹಾಳೆಗಳ ಮರೆಯಲ್ಲಿ ಕೂತು ಎಡದವಡೆಯಲ್ಲೇ ಕಡಲೆಬೀಜ ಕುಟುಕುಟು ಅಗಿಯುತ್ತಿದ್ದ.

"ನೋವಿಲ್ವಾ?"

"ಮೆತ್ತಗೆ ಮಾತಾಡೇ! ನಿನ್ನೆಯಿಂದ ಇಲ್ಲ. ಯಾರಿಗಾದ್ರೂ ಗೊತ್ತಾದ್ರೆ ನನ್ನ ಚರ್ಮ ಸುಲೀತಾರೆ. ಭಾನುವಾರ ಸೋತ್ರೆ ಈ ಊರಲ್ಲಿ ಹೇಗೆ ತಲೆ ಎತ್ಕೊಂಡು ಓಡಾಡ್ಲಿ?"

ಅವಳು ಲೋಟ ಇಟ್ಟು, ಮೇಜು ಹಿಡಿದುಕೊಂಡು ನಿಧಾನಕ್ಕೆ ಸ್ಟೂಲಿನ ಮೇಲೆ ಕೂತಳು. "ಹಾಗಾದ್ರೆ ಇನ್ಮೇಲೆ ಉಪ್ಪುನೀರು ಬೇಡ. ಒಳ್ಳೇದಾಯ್ತು. ಈ ಮಂಡಿ ಇಟ್ಕೊಂಡು ದಿನಕ್ಕೆ ಆರು ಸಲ ಮೆಟ್ಟಿಲು ಇಳಿಯೋಕೆ ಆಗ್ತಿರ್ಲಿಲ್ಲ."

"ಮಂಡಿಗೇನಾಗಿದೆ?"

"ಅವತ್ತು ನೀವು ಕಿರುಚಿದ್ರಲ್ಲ, ಏನಾಯ್ತೋ ಅಂತ ಓಡಿ ಬರೋವಾಗ ಮೆಟ್ಟಿಲ ಮೇಲೆ ಬಿದ್ದೆ."

"ಅವತ್ತೇನಾ? ಗೋಲು ಹೊಡೆದಾಗ್ಲೇ? ಈಗ್ಲೂ ನೋಯುತ್ತಾ?"

"ಜೀವ ಹೋಗುತ್ತೆ."

ಮೊಳೆಯಣ್ಣ ಕಡಲೆಬೀಜದ ಸಿಪ್ಪೆ ಸಮೇತ ಎದ್ದು ಕುಣಿದ. "ಅಯ್ಯೋ ಇವಳೇ! ಗೆಲ್ಲಿಸ್ತಿದ್ದದ್ದು ನನ್ನ ಹಲ್ಲಲ್ಲ, ನಿನ್ನ ಮಂಡಿ! ಕಪ್ಪು ನಮ್ದೇ!"

ಅವಳು ಸೆರಗಿನಿಂದ ಮೇಜಿನ ಮೇಲೆ ಚೆಲ್ಲಿದ್ದ ನೀರು ಒರೆಸಿದಳು, ಮತ್ತೆ ಮೇಜು ಹಿಡಿದುಕೊಂಡು ಎದ್ದಳು. ಹದಿನಾಲ್ಕು ಮೆಟ್ಟಿಲು. ಒಂದೊಂದಕ್ಕೂ ಎರಡೂ ಕಾಲು ಊರಿ, ಗೋಡೆ ಹಿಡಿದು ಹತ್ತಿದಳು. ಏಳು ವಾರ ಊರೆಲ್ಲ ಅವನ ಹಲ್ಲು ವಿಚಾರಿಸಿತ್ತು. ಅವಳ ಮಂಡಿಯನ್ನು ಅವನೂ ವಿಚಾರಿಸಿರಲಿಲ್ಲ. ಮೊಳೆಯಣ್ಣನಿಗೆ ಭೂಮಿ ಬಾಯ್ಬಿಟ್ಟರೆ ಇಳಿದುಹೋಗೋಣ ಎನ್ನುವಷ್ಟು ನಾಚಿಕೆಯಾಯಿತು.

ಶನಿವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯಲಿಲ್ಲ. ಹೆಂಡತಿಯನ್ನು ಆಟೋದಲ್ಲಿ ಕೂರಿಸಿಕೊಂಡು ಮೂಳೆ ಡಾಕ್ಟರ ಹತ್ತಿರ ಹೋದ. ಡಾಕ್ಟರ ಮೇಜಿನ ಮೇಲೆ ತಂಡದ ಪುಟ್ಟ ಬಾವುಟವಿತ್ತು. ಅವರು ಮಂಡಿ ಒತ್ತಿ ನೋಡಿದರು. "ಒಂದು ಇಂಜೆಕ್ಷನ್ ಕೊಟ್ರೆ ನಾಳೆಯೊಳಗೆ ಹಗುರಾಗುತ್ತೆ. ಅಂದ ಹಾಗೆ, ಯಾವತ್ತಿಂದ ಈ ನೋವು?"

ಕೇಳಿ ಪೆನ್ನು ಕೆಳಗಿಟ್ಟರು. ಹೆಂಡತಿ ಗಂಡನ ಮುಖ ನೋಡಿದಳು. ಮೊಳೆಯಣ್ಣನ ಕಣ್ಣ ಮುಂದೆ ಎರಡನೇ ಸಾಲಿನ ಕುರ್ಚಿ, ಉದ್ದಕಾಲಿನ ಫಾರ್ವರ್ಡ್, ತಪ್ಪು ಕಡೆಗೆ ಹಾರಿದ ಗೋಲ್‌ಕೀಪರ್ ಎಲ್ಲ ಒಟ್ಟಿಗೆ ಬಂದು ನಿಂತವು.

"ಹೋದ ವರ್ಷದಿಂದ ಸಾರ್," ಎಂದ. "ಹಳೇ ನೋವು. ಕೊಟ್ಬಿಡಿ."

ಹೊರಗೆ ಬಂದಾಗ ಅವಳು ಅವನ ತೋಳು ಹಿಡಿದು ನಡೆಯುತ್ತಿದ್ದಳು. ಎದುರಿಗೆ ಕ್ಷೌರದಂಗಡಿಯ ಅಧ್ಯಕ್ಷ ಸಂಘದ ಬಾವುಟ ಕಟ್ಟಿದ ಸೈಕಲ್ಲಿನಲ್ಲಿ ಬರುತ್ತಿರುವುದು ಕಾಣಿಸಿತು. ಮೊಳೆಯಣ್ಣ ಗಾಬರಿಯಿಂದ ಕೆನ್ನೆಗೆ ಕೈ ಹಚ್ಚಿ ನರಳತೊಡಗಿದ.

ಹೆಂಡತಿ ಮೆಲ್ಲಗೆ ಅವನ ಕೈ ಹಿಡಿದು ಬಲಗೆನ್ನೆಯಿಂದ ತೆಗೆದು ಎಡಗೆನ್ನೆಯ ಮೇಲೆ ಇಟ್ಟಳು.

"ಈ ಕಡೆ ರೀ," ಎಂದಳು.