ನಾವು ತಳ್ಳಿದ ಕಾರು

ನಮ್ಮ ತಾಳವಾಡಿ ಸೀಮೆಯಲ್ಲಿ ನಿಂತ ಗಾಡಿ ಕಂಡರೆ ತಳ್ಳುವುದು ಧರ್ಮ. ಯಾರದು, ಎಲ್ಲಿಗೆ ಹೋಗಬೇಕು, ಯಾಕೆ ನಿಂತಿದೆ ಎಂದು ಯಾರೂ ಕೇಳುವುದಿಲ್ಲ. ಎಪ್ಪತ್ತರ ದಶಕದಲ್ಲಿ ಸತ್ಯಮಂಗಲಕ್ಕೆ ಹೊರಡುತ್ತಿದ್ದ ಬೆಳಗಿನ ಬಸ್ಸು ಚಳಿಗಾಲದಲ್ಲಿ ತಾನಾಗಿ ಹೊರಟದ್ದನ್ನು ನಾನು ಕಂಡೇ ಇಲ್ಲ. ಟಿಕೆಟ್ ತೆಗೆದುಕೊಂಡವರು, ತೆಗೆದುಕೊಳ್ಳದವರು, ಹಾಲು ಹಾಕಲು ಬಂದವರು, ಎಲ್ಲರೂ ಹೆಗಲು ಕೊಡುತ್ತಿದ್ದರು. ಕನ್ನಡ ಶಾಲೆಯ ಟೀಚರಮ್ಮನಾಗಿದ್ದ ನಾನೂ ಸೆರಗು ಸೊಂಟಕ್ಕೆ ಸಿಕ್ಕಿಸಿ ತಳ್ಳಿದ್ದುಂಟು. ತಳ್ಳುವುದಕ್ಕಿಂತ ತಳ್ಳಿಸುವುದರಲ್ಲಿ ನನಗೆ ಹೆಚ್ಚು ಹೆಸರು. ನನ್ನ ಗಂಟಲು ಅಂಥದ್ದು.

ಆ ಬಸ್ಸಿನ ಹತ್ತಿರ ಸುಳಿಯದೆ ಇದ್ದವರು ಊರಿಗೆಲ್ಲ ಒಬ್ಬರೇ, ನಮ್ಮ ಯಜಮಾನರು. ಇಂಜಿನ್ನು ಡಬ್ ಎಂದು ಹೊಗೆ ಉಗುಳುವ ಹೊತ್ತಿಗೆ ಅವರು ಹೊಲದ ಬದುವಿನಲ್ಲಿ ಅರ್ಧ ದೂರ ಹೋಗಿರುತ್ತಿದ್ದರು. ಜೀರಹಳ್ಳಿಯಲ್ಲಿ ನನ್ನ ತವರು. ಹಬ್ಬಕ್ಕೆ ಹೊರಟರೆ, "ನೀನು ಬಸ್ಸಲ್ಲಿ ಓಗು, ನಾನು ನಡ್ಕಂಡು ಬತ್ತೀನಿ" ಎನ್ನುತ್ತಿದ್ದರು. ಎಡಗಾಲು ಎಳೆದುಕೊಂಡು ಅಷ್ಟು ದೂರ ನಡೆದು ಬಂದು, ಎಲ್ಲರ ಊಟ ಮುಗಿದ ಮೇಲೆ ಎಲೆಯ ಮುಂದೆ ಕೂರುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟನ್ನು ನಾನೇನೂ ಬಚ್ಚಿಡುತ್ತಿರಲಿಲ್ಲ.

ಅವರು ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವರು. ಎಪ್ಪತ್ತೊಂದರ ಯುದ್ಧದಲ್ಲಿ ಸಾಮಾನು ತುಂಬಿದ ಲಾರಿಗಳ ಸಾಲಿನಲ್ಲಿ ಇವರದೂ ಒಂದಿತ್ತು. ಸಾಲಿನಲ್ಲಿ ಹೋಗುವಾಗ ಮುಂದಿನ ಲಾರಿಗೂ ನಮ್ಮದಕ್ಕೂ ಇಷ್ಟೇ ದೂರ, ಇಷ್ಟೇ ವೇಗ ಎಂಬ ಕಟ್ಟುನಿಟ್ಟು. ಇವರು ಸ್ವಲ್ಪ ಹಿಂದೆ ಬಿದ್ದರಂತೆ. ಬೇಗ ಸೇರಿಕೊಳ್ಳಬೇಕೆಂದು ಗುರುತು ಹಾಕಿದ ಜಾಡು ಬಿಟ್ಟು ಮರಳಿನ ಮೇಲೆ ಓಡಿಸಿದರು. ಅಲ್ಲಿ ನೆಲದಡಿ ಸಿಡಿಮದ್ದು ಹೂತಿತ್ತು. ಪಕ್ಕದಲ್ಲಿ ಕೂತಿದ್ದ ಗೆಳೆಯ ಅಲ್ಲೇ ಹೋದ. ಇವರ ಕಾಲು ಮುರಿಯಿತು, ಎಡಗಿವಿ ಮಂದವಾಯಿತು. ಇಷ್ಟನ್ನು ನಾನು ಅವರ ಬಾಯಿಂದ ಕೇಳಲು ನಾಲ್ಕು ವರ್ಷ ಬೇಕಾಯಿತು. ಅದೂ ಒಂದೇ ಸಲ, ಜೋಳ ಬಿಡಿಸುತ್ತ, ನನ್ನ ಮುಖ ನೋಡದೆ.

ನಮ್ಮತ್ತೆ ಓದು ಬರಹ ಬಾರದವರು, ಆದರೆ ನನಗಿಂತ ಮೊದಲೇ ಮಗನ ರೋಗವನ್ನು ಗುರುತು ಹಿಡಿದಿದ್ದರು. "ಅವ್ನ ಕಾಲು ವಾಸಿಯಾಯ್ತು ಕಣಮ್ಮಿ. ಮಿಕ್ಕಿದ್ದು ಇನ್ನೂ ಆ ಮರಳಲ್ಲೇ ಅದ" ಎನ್ನುತ್ತಿದ್ದರು. ಮನೆಯಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ಹೊಲವಿತ್ತು, ನನ್ನ ಕೆಲಸವಿತ್ತು. ಆದರೆ ಮೂವತ್ತೈದು ದಾಟದ ಗಂಡಸು ಜಗುಲಿಯ ಮೂಲೆಯಲ್ಲಿ ಕೂತು ರಸ್ತೆಗೆ ಬೆನ್ನು ಮಾಡಿಕೊಂಡಿದ್ದರೆ ನೋಡುವುದು ಹೇಗೆ?

ಹೀಗಿರುವಾಗ ಒಂದು ದಿನ ಜೀಪೊಂದು ನಮ್ಮ ಬಾಗಿಲಿಗೆ ಬಂತು. ಅದರಿಂದ ಇಳಿದವರು ಸೈನ್ಯದಲ್ಲಿ ಇವರಿಗೆ ಮೇಲಧಿಕಾರಿಯಾಗಿದ್ದವರು. ಇವರು ಸಾಹೇಬರು ಎನ್ನುತ್ತಿದ್ದರಿಂದ ನಾನೂ ಹಾಗೇ ಅನ್ನುತ್ತೇನೆ. ತಮಿಳಿನವರು. ನಿವೃತ್ತರಾಗಿ ಕೊಯಮತ್ತೂರಿನ ಹೊರಗೆ ಒಂದು ಕಾರ್ಖಾನೆ ಶೆಡ್ಡು ಹಾಕಿ, ಮೋಟಾರು ರ‍್ಯಾಲಿಗಳಿಗೆ ಕಾರು ಸಿದ್ಧಮಾಡುತ್ತಿದ್ದರು. ಕೆಲಸಕ್ಕೆ ಇಟ್ಟುಕೊಂಡಿದ್ದವರೆಲ್ಲ ಯುದ್ಧದಲ್ಲಿ ಏಟು ತಿಂದು ಬಂದವರು. ಒಬ್ಬನಿಗೆ ಎರಡು ಬೆರಳಿಲ್ಲ, ಇನ್ನೊಬ್ಬನಿಗೆ ಮಾತಾಡಿದರೆ ತೊದಲು. ಮನೆಯಲ್ಲಿ ಸುಮ್ಮನೆ ಕೂತರೆ ಇಂಥವರು ಹಾಳಾಗುತ್ತಾರೆ, ಕೈಗೆ ಇಂಜಿನ್ನು ಕೊಟ್ಟರೆ ಅದರ ಜೊತೆ ತಾವೂ ರಿಪೇರಿಯಾಗುತ್ತಾರೆ ಎಂದು ಅವರ ನಂಬಿಕೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯ ಮನುಷ್ಯ ಎಂದು ನನಗೆ ಮೊದಲು ಅನಿಸಿತು. ಯಾರೂ ನಿನಗೆ ಓಡಿಸು ಅನ್ನುವುದಿಲ್ಲ, ಬಂದು ನೋಡು ಎಂದು ಸಾಹೇಬರು ಇವರಿಗೆ ಹೇಳಿದರು. ಯಜಮಾನರು ಯೋಚಿಸುವ ಮುಂಚೆಯೇ ನಾನು ಅವರ ಟ್ರಂಕು ಜಗುಲಿಗೆ ತಂದಿಟ್ಟೆ.

ಕೊಯಮತ್ತೂರಿಗೂ ಅವರು ಬಸ್ಸಿನ ಕೊನೇ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡೇ ಹೋದದ್ದು. ಆಮೇಲೆ ಕಾಗದಗಳು ಬರತೊಡಗಿದವು. ಮೊದಮೊದಲು ಎರಡು ಸಾಲು, ಬರಬರುತ್ತ ಒಂದು ಪುಟ. ಕಾರ್ಬೊರೇಟರ್ ಬಿಚ್ಚಿ ಜೋಡಿಸಿದ್ದು, ಎರಡು ಬೆರಳಿಲ್ಲದ ಧಾರಾಪುರದ ಹವಾಲ್ದಾರ ಎಲ್ಲರಿಗಿಂತ ಚೆನ್ನಾಗಿ ಓಡಿಸುವುದು, ಶೆಡ್ಡಿನ ಅಡುಗೆಯಲ್ಲಿ ಮುದ್ದೆ ಸಿಗದಿರುವುದು. ಓದಿ ಹೇಳುತ್ತಿದ್ದರೆ ನಮ್ಮತ್ತೆ ಎರಡೆರಡು ಸಲ ಓದಿಸುತ್ತಿದ್ದರು. ಒಂದು ಮಾತು ಮಾತ್ರ ಯಾವ ಕಾಗದದಲ್ಲೂ ಇರುತ್ತಿರಲಿಲ್ಲ. ಸ್ಟೇರಿಂಗ್ ಹಿಡಿದೆ ಎಂದು ಅವರು ಬರೆಯಲೇ ಇಲ್ಲ.

ಒಂದು ವರ್ಷದ ಮೇಲೆ ಸಾಹೇಬರೇ ನನಗೆ ಬರೆದರು. ಸೈನ್ಯದಿಂದ ಬರುವವರಿಗೆ ಗಾಡಿ ಓಡಿಸುವುದನ್ನೂ ರಿಪೇರಿಯನ್ನೂ ಹೇಳಿಕೊಡಲು ಒಬ್ಬ ಕಾಯಂ ಮೇಷ್ಟ್ರು ಬೇಕು. ನಿಮ್ಮವರಷ್ಟು ತಾಳ್ಮೆ ಇನ್ನಾರಿಗೂ ಇಲ್ಲ. ಆದರೆ ಸ್ಟೇರಿಂಗ್ ಮುಟ್ಟದವನು ಕಲಿಸುವುದು ಹೇಗೆ? ಬರುವ ರ‍್ಯಾಲಿಯಲ್ಲಿ ಹವಾಲ್ದಾರನ ಪಕ್ಕ ಕೂತು ದಾರಿಯ ಪುಸ್ತಕ ಓದಿ ಹೇಳಲು ಒಪ್ಪಿದ್ದಾನೆ. ಅದು ಮುಗಿಯುವವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರನ್ನು ನೋಡಬೇಕಾಗುತ್ತದೆ. ಕಾಗದ ಮಡಚಿಟ್ಟು ನಾನು ಲೆಕ್ಕ ಹಾಕಿದೆ. ಆ ಕೆಲಸ ತಪ್ಪಿದರೆ ಅವರು ಬರುವುದು ಮತ್ತೆ ಜಗುಲಿಯ ಅದೇ ಮೂಲೆಗೆ.

ಆ ರ‍್ಯಾಲಿ ದಿಂಬಂ ಘಾಟಿ ಹತ್ತಿ, ತಾಳಮಲೆಯ ಕಾಡಿನ ಮಣ್ಣುದಾರಿ ಹಿಡಿದು, ನಮ್ಮೂರ ಮೇಲೆ ಚಾಮರಾಜನಗರದ ಕಡೆ ಹೋಗುವುದಿತ್ತು. ಅದರ ನಿಯಮ ನನಗೆ ಗೊತ್ತಾದದ್ದು ತಡವಾಗಿ, ನಿಮಗೆ ಈಗಲೇ ಹೇಳಿಬಿಡುತ್ತೇನೆ. ಮೊದಲು ಬಂದವನೇ ಗೆದ್ದ ಎನ್ನುವ ಓಟ ಅದಲ್ಲ. ದಾರಿಯಲ್ಲಿ ಅಲ್ಲಲ್ಲಿ ಮೇಜು ಹಾಕಿಕೊಂಡು ಕೂತಿರುತ್ತಾರೆ. ಪ್ರತಿ ಕಾರೂ ಆ ಮೇಜನ್ನು ತನಗೆ ಗೊತ್ತುಮಾಡಿದ ನಿಮಿಷಕ್ಕೆ ಸರಿಯಾಗಿ ದಾಟಬೇಕು. ತಡವಾದರೂ ತಪ್ಪು, ಮುಂಚೆ ಬಂದರೆ ಇನ್ನೂ ದೊಡ್ಡ ತಪ್ಪು. ಬೇಗ ಬಂದವರು ಮೇಜಿಗೆ ಸ್ವಲ್ಪ ದೂರದಲ್ಲಿ ನಿಂತು ಗಡಿಯಾರ ನೋಡುತ್ತ ಕಾಯುತ್ತಾರೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನೇ ಆಟ ಮಾಡಿದ ಹಾಗೆ. ಅವಸರದಿಂದ ಗೆಳೆಯನನ್ನು ಕಳೆದುಕೊಂಡ ಮನುಷ್ಯ ಆ ಕಾರಿನಲ್ಲಿ ಕೂರಲು ಒಪ್ಪಿದ್ದು ಇದಕ್ಕೇ ಎಂದು ಈಗ ಅರ್ಥವಾಗುತ್ತದೆ. ಆಗ ನಾನು ಓಟವೆಂದರೆ ಓಟ ಎಂದುಕೊಂಡಿದ್ದೆ.

ರ‍್ಯಾಲಿಯ ದಿನ ಶಾಲೆಗೆ ರಜೆ ಹಾಕಿದೆ. ಊರಾಚೆ, ರಸ್ತೆ ಹಳ್ಳದ ಸೇತುವೆಯ ಕಡೆ ಇಳಿಯುವಲ್ಲಿ, ಹುಣಸೆಮರದ ಕೆಳಗೆ ಮೇಜು ಹಾಕಿದ್ದರು. ಅತ್ತೆ ಮಜ್ಜಿಗೆ ತಂಬಿಗೆ ಹಿಡಿದು ಬದಿಯ ಕಲ್ಲಿನ ಮೇಲೆ ಕೂತಿದ್ದರು. ಮಧ್ಯಾಹ್ನಕ್ಕೆ ಕಾರುಗಳು ಒಂದೊಂದಾಗಿ ಧೂಳೆಬ್ಬಿಸಿಕೊಂಡು ಬಂದವು. ಅವು ಮೇಜಿನ ಬಳಿ ನಿಂತು, ಕಾರ್ಡು ಕೊಟ್ಟು, ಅದರಲ್ಲಿ ದಾಟಿದ ಸಮಯ ಬರೆಸಿಕೊಂಡು ಹೋದವು.

ಇವರ ಕೆಂಪು ಕಾರು ಬಂತು. ಮೇಜು ಇನ್ನೂ ಐವತ್ತು ಮಾರು ಇರುವಾಗಲೇ ನಿಂತುಬಿಟ್ಟಿತು. ಹವಾಲ್ದಾರ ಇಳಿದು, ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟು, ಲಂಟಾನದ ಪೊದೆಯ ಹಿಂದೆ ಹೋದ. ಅವರ ಹ್ಯಾಂಡ್‌ಬ್ರೇಕು ತಾಳಮಲೆಯ ದಾರಿಯಲ್ಲೇ ಕಿತ್ತುಹೋಗಿತ್ತೆಂದು ನಮಗೇನು ಗೊತ್ತು? ಯಜಮಾನರು ಎಡಗಡೆ ಸೀಟಿನಲ್ಲಿ, ಹೆಲ್ಮೆಟ್ ಹಾಕಿಕೊಂಡು, ತೊಡೆಯ ಮೇಲೆ ಏನನ್ನೋ ಇಟ್ಟುಕೊಂಡು ತಲೆ ಬಗ್ಗಿಸಿದ್ದರು. ಅಷ್ಟರಲ್ಲಿ, ಆಗಲೇ ತಡವಾಗಿದ್ದ ನೀಲಿ ಕಾರೊಂದು ಹಿಂದಿನಿಂದ ಬಂದು ಇವರನ್ನು ದಾಟಿ ಮೇಜಿಗೆ ಹೋಯಿತು.

ಕಾರು ಕೆಟ್ಟಿತು, ಡ್ರೈವರ್ ಓಡಿಹೋದ, ಇವರು ಕುಸಿದು ಕೂತಿದ್ದಾರೆ, ಕೆಲಸ ಕೈ ಬಿಟ್ಟಿತು. ಹೀಗೆ ಒಂದೇ ಉಸಿರಿನಲ್ಲಿ ಎಲ್ಲವನ್ನೂ ತೀರ್ಮಾನಿಸಿದೆ.

"ಏನ್ರೋ, ನೋಡ್ಕಂಡು ನಿಂತಿದ್ದೀರಲ್ಲ. ತಳ್ರೋ" ಎಂದೆ.

ಆ ಮಾತಿಗೆ ನಮ್ಮೂರಿನಲ್ಲಿ ಎರಡನೇ ಸಲ ಹೇಳಿಸಿಕೊಂಡವರಿಲ್ಲ. ಇಪ್ಪತ್ತು ಮೂವತ್ತು ಜನ ಕಾರಿನ ಹಿಂದೆ ನಿಂತರು. ಕಲ್ಲು ತೆಗೆದವಳು ನಾನೇ, ಎರಡೂ ಕೈಯಿಂದ. "ಐಸಾ" ಎಂದೆವು. ಕಾರು ಹೊರಟಿತು. ಬೇಡವೆಂದು ಅವರು ಒಳಗಿನಿಂದ ಕೂಗಿದರಂತೆ, ನಮ್ಮ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಮೇಜಿನವರು ಎದ್ದು ನಿಂತು ಕೈ ಬೀಸುತ್ತ ಏನೋ ಕೂಗಿದರು. ನಮಗೆ ಹುರುಪು ಕೊಡುತ್ತಿದ್ದಾರೆಂದು ತಿಳಿದು ಇನ್ನೂ ಜೋರಾಗಿ ತಳ್ಳಿದೆವು. ಮೇಜು ದಾಟಿತು, ಇಳಿಜಾರು ಬಂತು. ಕಾರು ನಮ್ಮ ಕೈ ಬಿಟ್ಟು ತಾನೇ ಓಡತೊಡಗಿತು. ಹವಾಲ್ದಾರ ಪೊದೆಯಿಂದ ಪ್ಯಾಂಟು ಹಿಡಿದುಕೊಂಡು ಓಡಿ ಬರುವುದನ್ನು ಆಗ ನೋಡಿದೆ. ಕಾರಿನೊಳಗೆ ಓಡಿಸುವವರಿಲ್ಲ. ಕೆಳಗೆ ಸೇತುವೆಯ ಮೇಲೆ ಹುಲ್ಲು ತುಂಬಿದ ಎತ್ತಿನಗಾಡಿಯೊಂದು ಬರುತ್ತಿತ್ತು.

ಹಿಂದಿನ ಗಾಜಿನಲ್ಲಿ ಅವರ ಹೆಲ್ಮೆಟ್ ಎಡದಿಂದ ಬಲಕ್ಕೆ ಸರಿದದ್ದು ಕಂಡಿತು. ಕಾರು ಒಮ್ಮೆ ಓಲಾಡಿತು, ಚರಂಡಿಯ ಅಂಚು ಮುಟ್ಟಿತು, ನೆಟ್ಟಗಾಯಿತು. ಆಮೇಲೆ ಬರೀ ಧೂಳು. ಧೂಳು ಇಳಿದಾಗ ಕಾರು ಸೇತುವೆಗೆ ನಾಲ್ಕು ಮಾರು ಈಚೆ ನಿಂತಿತ್ತು. ಎತ್ತುಗಳು ಅದನ್ನು ನೋಡುತ್ತಿದ್ದವು.

ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ತಿಳಿಯದು. ಅವರು ಬಲಗಡೆ ಸೀಟಿನಲ್ಲಿ ಅಡ್ಡಾದಿಡ್ಡಿ ಕೂತಿದ್ದರು. ಕುಂಟು ಕಾಲು ಎರಡು ಸೀಟುಗಳ ನಡುವೆ ಸಿಕ್ಕಿತ್ತು, ಬಲಗಾಲು ಬ್ರೇಕಿನ ಮೇಲಿತ್ತು. ಎರಡೂ ಕೈ ಸ್ಟೇರಿಂಗ್ ಹಿಡಿದಿದ್ದವು. ಬಸ್ಸಿನ ಹಾರನ್ನಿಗೂ ನಡುಗುತ್ತಿದ್ದ ಆ ಕೈಗಳನ್ನು ನಾನು ನೋಡಿದೆ. ನಡುಗುತ್ತಿರಲಿಲ್ಲ.

"ಕಲ್ಲು ತಗುದ್ದು ಯಾರು?" ಎಂದರು.

"ನಾನೇ" ಎಂದೆ.

ತೊಡೆಯ ಮೇಲಿಂದ ಕೆಳಗೆ ಬಿದ್ದಿದ್ದ ಗಡಿಯಾರವನ್ನು ಎತ್ತಿ ನೋಡಿದರು. "ಎರಡು ನಿಮಿಷ ಮುಂಚೇನೇ ದಾಟ್ಬುಟ್ಟೊ ಕಣಮ್ಮಿ" ಎಂದು, ನಗತೊಡಗಿದರು. ಮುಗುಳ್ನಗೆಯಲ್ಲ. ಹೊಟ್ಟೆ ಹಿಡಿದುಕೊಂಡು, ಸ್ಟೇರಿಂಗಿಗೆ ಹಣೆ ಇಟ್ಟು ನಕ್ಕರು. ಮದುವೆಯಾದ ಹೊಸದರಲ್ಲಿ ರಜೆಗೆ ಬಂದಾಗ ಕೇಳಿದ್ದ ನಗು. ಏನು ತಪ್ಪು ಮಾಡಿದ್ದೇನೆಂದು ನನಗೆ ತಿಳಿಯಲಿಲ್ಲ, ಆದರೆ ಅಳು ಬಂದುಬಿಟ್ಟಿತು. ಬಾಗಿಲು ಹಿಡಿದುಕೊಂಡು ಎಲ್ಲರೆದುರು ಅಳುತ್ತ ನಿಂತೆ.

ಹವಾಲ್ದಾರ ಏದುಸಿರು ಬಿಡುತ್ತ ಬಂದು ಬಲಗಡೆ ಬಾಗಿಲಿಗೆ ಕೈ ಹಾಕಿದ. ಯಜಮಾನರು ಏಳಲಿಲ್ಲ. ಆ ಕಡೆ ಬಂದು ಕೂರು ಎಂದು ತಮಿಳಿನಲ್ಲಿ ಹೇಳಿ, ಗಡಿಯಾರವನ್ನೂ ದಾರಿಯ ಪುಸ್ತಕವನ್ನೂ ಎಡಗಡೆ ಸೀಟಿನ ಮೇಲಿಟ್ಟರು. ಹವಾಲ್ದಾರ ಕಾರನ್ನು ಸುತ್ತಿ ಹೋಗಿ ಕೂತ. ಹಿಂದಿನಿಂದ ಯಾರೋ, "ಮತ್ತ ತಳ್ಬೇಕಾ ಟೀಚರಮ್ಮಾ?" ಎಂದು ಕೇಳಿದರು. "ಬ್ಯಾಡ ಕಣಪ್ಪ" ಎಂದೆ. ಕಾರು ಹಿಂದಕ್ಕೆ ಹೋಗಿ, ಮೇಜಿನ ಬಳಿ ಕಾರ್ಡಿನಲ್ಲಿ ದಂಡದ ಅಂಕ ಬರೆಸಿಕೊಂಡು, ಮತ್ತೆ ನಮ್ಮ ಮುಂದೆ ಹಾದು ಸೇತುವೆ ದಾಟಿತು. ಅತ್ತೆ ಕಲ್ಲಿನ ಮೇಲಿಂದ ಎದ್ದೇ ಇರಲಿಲ್ಲ. "ಈಗ ಒಟ್ಟೆಗ ಆಲು ಉಯ್ದಂಗಾಯ್ತು" ಎಂದು, ಮಗನಿಗೆ ತಂದಿದ್ದ ಮಜ್ಜಿಗೆಯನ್ನು ತಾವೇ ಕುಡಿದರು.

ಆ ರ‍್ಯಾಲಿಯಲ್ಲಿ ಅವರು ಕೊನೆಯಿಂದ ಎಣಿಸಿದರೆ ಬೇಗ ಸಿಗುವ ಜಾಗದಲ್ಲಿದ್ದರು. ಸಾಹೇಬರು ನನ್ನ ಹೆಸರಿಗೇ ಕಾಗದ ಬರೆದು, ಇಂಥ ದಂಡ ಇನ್ನೆರಡು ಬಿದ್ದಿದ್ದರೂ ಚಿಂತೆಯಿರಲಿಲ್ಲ ಎಂದರು. ಮೇಷ್ಟ್ರ ಕೆಲಸ ಇವರಿಗೇ ಆಯಿತು. ಎಂಬತ್ತರ ದಶಕದ ಬಹುಭಾಗ ಅವರು ಆ ಶೆಡ್ಡಿನಲ್ಲಿ, ಕೈಯೋ ಕಾಲೋ ಮನಸ್ಸೋ ಮುರಿದುಕೊಂಡು ಬಂದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಕೆಲವರು ಬಸ್ಸು ಓಡಿಸುವ ಕೆಲಸ ಹಿಡಿದರು, ಕೆಲವರು ಮಿಲ್ಲುಗಳಲ್ಲಿ ಮೆಕ್ಯಾನಿಕ್ ಆದರು, ಒಂದಿಬ್ಬರು ನಿಲ್ಲದೆ ಊರಿಗೆ ಮರಳಿದರು. ಇವರಿಗೂ ಪೂರ್ತಿ ವಾಸಿಯಾಯಿತೆಂದರೆ ಸುಳ್ಳಾಗುತ್ತದೆ. ದಾರಿಯಲ್ಲಿ ಸಡಿಲ ಮರಳು ಸಿಕ್ಕರೆ ಕೊನೆಯವರೆಗೂ ಗಾಡಿ ನಿಲ್ಲಿಸಿ, ಇಳಿದು, ನೋಡಿ, ಆಮೇಲೇ ಹೊರಡುತ್ತಿದ್ದರು. ಹಿಂದೆ ಯಾರು ಹಾರನ್ ಹೊಡೆದರೂ ಕೇಳುತ್ತಿರಲಿಲ್ಲ.

ರ‍್ಯಾಲಿ ನಡೆದ ವರ್ಷದ ಬೇಸಿಗೆ ರಜೆಯಲ್ಲಿ ಶೆಡ್ಡಿನ ಜೀಪು ತಂದು, "ಬಾ, ನಾನಿರೋ ಜಾಗ ನೋಡೀವಂತೆ" ಎಂದು ನನ್ನನ್ನು ಕರೆದುಕೊಂಡು ಹೊರಟರು. ಮದುವೆಯಾಗಿ ಅಷ್ಟು ವರ್ಷಕ್ಕೆ ಅವರು ಓಡಿಸುವ ಗಾಡಿಯಲ್ಲಿ ನಾನು ಕೂತದ್ದು ಅದೇ ಮೊದಲು. ದಿಂಬಂ ಘಾಟಿಯಲ್ಲಿ ಇಪ್ಪತ್ತೇಳು ತಿರುವು. ಒಂದೊಂದರಲ್ಲೂ ಅವರ ಕೈ ನೋಡುತ್ತಿರಬೇಕು, ನಡುಗಿದರೆ ನಿಲ್ಲಿಸಿ ಎನ್ನಬೇಕು ಎಂದು ಮನಸ್ಸಿನಲ್ಲೇ ನಿರ್ಧರಿಸಿ, ಕಂಬಿ ಗಟ್ಟಿಯಾಗಿ ಹಿಡಿದು ಕೂತೆ. ಮೊದಲ ತಿರುವಿನಲ್ಲಿ ಅವರು ಗೇರು ಇಳಿಸಿ ನಿಧಾನವಾಗಿ ತಿರುಗಿಸಿದರು. ಎರಡನೆಯದರಲ್ಲಿ ಮೇಲೆ ಬರುತ್ತಿದ್ದ ಬಿದಿರಿನ ಲಾರಿಗೆ ದಾರಿ ಬಿಟ್ಟು, ಅದರ ಡ್ರೈವರಿಗೆ ಕೈ ಎತ್ತಿದರು.

ಭುಜ ಮುಟ್ಟಿ ಯಾರೋ ಎಬ್ಬಿಸಿದ ಹಾಗಾಯಿತು. ಜೀಪು ಘಾಟಿಯ ಬುಡದಲ್ಲಿ ನಿಂತಿತ್ತು, ಸೆಕೆ ಹೊಡೆಯುತ್ತಿತ್ತು.

"ಬಣ್ಣಾರಿ ಬಂತು, ಏಳಮ್ಮಿ" ಎಂದರು. "ಕಂಬಿ ಇಡ್ಕಂಡು ಕೂತಿದ್ದಲ್ಲ, ಎಷ್ಟು ತಿರುವು ನೋಡ್ದೆ?"

"ಎರಡು" ಎಂದೆ.