ನಾಲ್ಕು ಮೂಲೆಯ ಅರಿಶಿನ

"ಅಷ್ಟು ದೂರ ಹೋಗಿ ಓದಿ, ಮತ್ತೆ ಇಲ್ಲಿಗೇ ಬಂದ್ಯಲ್ಲೋ?" ಎಂದು ಯಾರಾದರೂ ಕೇಳಿದರೆ ನಮ್ಮಣ್ಣ ಪ್ರಹ್ಲಾದ "ಬಂದೆ" ಎನ್ನುತ್ತಿದ್ದ. ಅಷ್ಟೇ. ಮುಳಬಾಗಿಲಿನಲ್ಲಿ ಈ ಪ್ರಶ್ನೆ ಕೇಳದವರು ಯಾರೂ ಉಳಿದಿರಲಿಲ್ಲ. ಕೇಳುವವರಿಗೆ ಬೇಸರ ಬರಲಿಲ್ಲ. ಆ ಉತ್ತರ ಕೇಳಿ ಕೇಳಿ ನನಗೆ ಬಂತು.

ಮೊದಲ ಸಲ, ಬೆಂಗಳೂರಿನಲ್ಲಿ ಚಿತ್ರಕಲೆಯ ಡಿಪ್ಲೊಮಾ ಮುಗಿಸಿ ಬಂದಾಗ ಅವನಿಗೆ ಇಪ್ಪತ್ತೆರಡು. ಕೋಲಾರದ ಗಂಗುಲಪ್ಪನವರ ಪ್ರೆಸ್ಸಿಗೆ ದಿನಾ ಬಸ್ಸಿನಲ್ಲಿ ಹೋಗಿ ಲೇಬಲ್ ಬರೆಯುತ್ತಿದ್ದ. ಶ್ರೀನಿವಾಸಪುರದ ಮಾವಿನ ಪೆಟ್ಟಿಗೆಗೆ ಗಿಣಿ, ಮಾಲೂರಿನ ಊದುಬತ್ತಿಗೆ ನವಿಲು. ಮಂಡಿಯವರು ಬಂದು, "ಸಾಮೀ, ಗಿಣಿ ಇನ್ನಾ ಸ್ವಲ್ಪ ದಪ್ಪಗಿರ್ಲಿ" ಎಂದರೆ ದಪ್ಪ ಮಾಡುತ್ತಿದ್ದ. ಪೌರೋಹಿತ್ಯ ಮಾಡುವ ನಮ್ಮಪ್ಪನಿಗೆ ಗಿಣಿ ಬರೆದರೆ ಸಂಬಳ ಯಾಕೆ ಕೊಡುತ್ತಾರೆಂದು ಕೊನೆಯವರೆಗೂ ತಿಳಿಯಲಿಲ್ಲ. ಅಣ್ಣನಿಗಂತೂ ನಾಲ್ಕು ವರ್ಷದಲ್ಲೇ ಗಿಣಿ ಸಾಕಾಗಿ ಹೋಯಿತು.

ಎಪ್ಪತ್ತಾರರಲ್ಲಿ ಉತ್ತರ ಭಾರತದ ಒಂದು ದೊಡ್ಡ ವಿನ್ಯಾಸ ಶಾಲೆಗೆ ಅರ್ಜಿ ತರಿಸಿದ. ಡಿಪ್ಲೊಮಾ ಆದವರಿಗೆ ಅಲ್ಲಿ ಎರಡು ವರ್ಷದ ಮೇಲಿನ ಓದು. ಇಪ್ಪತ್ತಾರು ದಾಟಿದವರಿಗೆ ಸೀಟಿಲ್ಲ. ಅವನಿಗೆ ಅದೇ ಕೊನೆಯ ವರ್ಷ. ಅರ್ಜಿಯ ಜೊತೆ ಸ್ವಂತ ಕೆಲಸದ ಇಪ್ಪತ್ತು ಹಾಳೆ ಕಳಿಸಬೇಕಿತ್ತು. ನಾಲ್ಕು ತಿಂಗಳು ಕೂತು ಬರೆದ. ಆ ನಾಲ್ಕು ತಿಂಗಳೂ ಮನೆಯಲ್ಲಿ ಎಲ್ಲರೂ ಬಣ್ಣದ ಬಟ್ಟಲು ದಾಟಿಕೊಂಡೇ ಓಡಾಡಿದೆವು.

ಅಂಚೆಗೆ ಹಾಕುವ ಬೆಳಗ್ಗೆ ಹಾಳೆಗಳನ್ನೆಲ್ಲ ಚಾಪೆಯ ಮೇಲೆ ಹರಡಿ ಸ್ನಾನಕ್ಕೆ ಹೋದ. ಬರುವಷ್ಟರಲ್ಲಿ ನಮ್ಮಮ್ಮ ತುಳಸಮ್ಮ ಅರಿಶಿನ ಕಲಸಿ, ಇಪ್ಪತ್ತು ಹಾಳೆಗಳ ನಾಲ್ಕೂ ಮೂಲೆಗೆ ಹಚ್ಚಿ, ಮೇಲೆ ಕುಂಕುಮದ ಬೊಟ್ಟು ಇಟ್ಟುಬಿಟ್ಟಿದ್ದಳು. ಲಗ್ನಪತ್ರಿಕೆಗೆ ಹಚ್ಚುವುದಿಲ್ಲವೇ, ಹಾಗೆ. ಒದ್ದೆ ಅರಿಶಿನ ಬಣ್ಣಕ್ಕೆ ಇಳಿದು ಅಂಗೈಯಗಲ ಹರಡಿತ್ತು.

"ಒಳ್ಳೇ ಕೆಲ್ಸಕ್ಕೆ ಹೊರಟಿರೋ ಕಾಗದ ಕಣೋ, ಬೋಳಾಗಿ ಕಳಿಸ್ಬಾರ್ದು" ಎಂದಳು ಅಮ್ಮ, ಇನ್ನೂ ನಗುತ್ತಾ.

ಅಣ್ಣ ಕೂಗಿದ್ದು ಬೀದಿಗೆಲ್ಲ ಕೇಳಿಸಿತು. "ನನ್ನ ಬಾಳೇ ಕೆಡಿಸಿಬಿಟ್ಯಲ್ಲಮ್ಮಾ! ಇನ್ಮೇಲೆ ಈ ಮನೇಲಿ ಯಾವ ಕಾಗದಾನೂ ಮುಟ್ಬೇಡ!"

ಮತ್ತೆ ಬರೆಯಲು ದಿನವಿರಲಿಲ್ಲ. ಹಾಗೆಯೇ ಕಟ್ಟಿ ರಿಜಿಸ್ಟರ್ ಮಾಡಿದ. ಎರಡು ತಿಂಗಳಿಗೆ ಸಂದರ್ಶನಕ್ಕೆ ಕರೆ ಬಂತು, ಹೋದ, ಸೀಟು ಸಿಕ್ಕಿತು. ಅಮ್ಮ ಆಂಜನೇಯನ ಗುಡಿಗೆ ಹೋಗಿ ಬಂದು, "ನಾನು ಮಾಡಿದ ತಪ್ಪು ಅವರ ಕಣ್ಣಿಗೆ ಬೀಳದ ಹಾಗೆ ನೋಡ್ಕೊಂಡ ಸ್ವಾಮಿ" ಎಂದಳು. ಅಣ್ಣ ತಲೆ ಬಗ್ಗಿಸಿ ಊಟ ಮಾಡುತ್ತಿದ್ದ. ಅಂದಿನಿಂದ ಅವಳು ಯುಗಾದಿಯ ಪಂಚಾಂಗಕ್ಕೂ ಅರಿಶಿನ ಹಚ್ಚಲಿಲ್ಲ. ಆ ಕೆಲಸವೆಲ್ಲ ಸೋದರತ್ತೆ ರಾಧಮ್ಮನ ಪಾಲಿಗೆ ಹೋಯಿತು.

ಎರಡು ವರ್ಷ ಓದಿ, ಬೊಂಬಾಯಿಯ ಜಾಹೀರಾತು ಕಂಪನಿಯಲ್ಲಿ ಮೂರು ವರ್ಷ ದುಡಿದು, ಎಂಬತ್ತೊಂದರಲ್ಲಿ ಒಂದು ದಿನ ಅಣ್ಣ ಟ್ರಂಕು ಹೊತ್ತುಕೊಂಡು ಮನೆಗೆ ಬಂದ. ಮುಖದಲ್ಲಿ ಕಳೆಯೇ ಇರಲಿಲ್ಲ. ಮಾರನೆಯ ವಾರ ಮತ್ತೆ ಗಂಗುಲಪ್ಪನವರ ಪ್ರೆಸ್ಸು, ಮತ್ತೆ ಗಿಣಿ. "ಶುರುವಿನಲ್ಲೇ ನಾನು ಕೆಡಿಸಿದ್ದೆ. ಹೋದ ಕೆಲಸ ಕೈಗೆ ಹತ್ತಲಿಲ್ಲ ನೋಡು" ಎಂದು ಅಮ್ಮ ನನ್ನೆದುರು ಅತ್ತಳು. ನಾನು ಅದನ್ನೇ ಜಗುಲಿಯಲ್ಲಿ ಕೂತಿದ್ದ ಅಣ್ಣನಿಗೆ ಹೇಳಿದೆ.

"ಸೀಟು ಸಿಕ್ಕಿದ್ದೇ ಆ ಅರಿಶಿನಕ್ಕೆ ಕಣೇ, ಅನಂತು" ಎಂದ.

ಸಂದರ್ಶನದಲ್ಲಿ ಅವನ ಚಿತ್ರಗಳೆಲ್ಲ ಪುಸ್ತಕ ನೋಡಿ ಬರೆದ ಹಾಗಿವೆ ಎಂದರಂತೆ. ಮೂಲೆಗಳ ಮೇಲೆ ಮಾತ್ರ ಬೆರಳಿಟ್ಟು, ಇಪ್ಪತ್ತರಲ್ಲೂ ಇದೆ, ಆದರೆ ಒಂದರ ಹಾಗೆ ಇನ್ನೊಂದಿಲ್ಲ, ಇದು ಯಾರ ಯೋಚನೆ ಎಂದು ಕೇಳಿದರಂತೆ. "ನಂದೇ ಅಂದೆ" ಎಂದ ಅಣ್ಣ. "ಅಲ್ಲಿಂದ ಐದು ವರ್ಷ ಅದನ್ನೇ ಬರೆದೆ. ಟೀ ಪೊಟ್ಟಣಕ್ಕೆ ಅದೇ, ಸೋಪಿಗೆ ಅದೇ. ಒಂದಿನ ಕಂಪನಿ ಸಾಹೇಬ್ರು ಹೊಸಬರಿಗೆ ಅದನ್ನ ತೋರಿಸಿ, 'ಪ್ರಹ್ಲಾದನ ಮೂಲೆ' ಅಂದ್ರು. ಆಮೇಲೆ ಕೈಯೇ ಆಡ್ಲಿಲ್ಲ."

"ಓದಿ ದಂಡ ಅನ್ನು."

"ಓದು ತಪ್ಪಲ್ಲ ಕಣೇ. ನೋಡೋದು ಕಲಿಸಿದ್ರು. ಕಲಿತ ಮೇಲೆ ನನ್ನ ಹಾಳೇಲಿ ನೋಡೋಕಿದ್ದಿದ್ದು ಅದೊಂದೇ ಅಂತ ಗೊತ್ತಾಯ್ತು."

"ಇದನ್ನ ಅಮ್ಮನಿಗೆ ಹೇಳು."

"ಹೇಳಿದ್ರೆ ಕದ್ದೆ ಅಂತ ಒಪ್ಕೊಂಡ ಹಾಗೆ. ನೀನೂ ಹೇಳ್ಬೇಡ, ಆಣೆ."

ಮಾತು ಕೊಟ್ಟೆ. ನನ್ನಷ್ಟು ದಡ್ಡಿ ಇನ್ನೊಬ್ಬಳಿಲ್ಲ. ಅಮ್ಮ ಕೊರಗುವುದನ್ನು ದಿನಾ ನೋಡುತ್ತಾ, ಇವತ್ತು ಹೇಳುತ್ತಾನೆ, ನಾಳೆ ಹೇಳುತ್ತಾನೆ ಎಂದು ಕಾದೆ. ನೋಡಿ ನೋಡಿ ಅದೂ ಅಭ್ಯಾಸವಾಗಿಬಿಟ್ಟಿತು.

ಎಂಬತ್ತನಾಲ್ಕರಲ್ಲಿ ನನ್ನ ಮದುವೆ ಗೊತ್ತಾಯಿತು. ಅಣ್ಣನೇ ಬರೆದ ಲಗ್ನಪತ್ರಿಕೆ ಅಚ್ಚಾಗಿ ಬಂತು. ಮೊದಲ ಪತ್ರಿಕೆ ದೇವರಿಗೆ. ಅದಕ್ಕೆ ಅರಿಶಿನ ಹಚ್ಚುವುದು ಹುಡುಗಿಯ ತಾಯಿ. ಅಮ್ಮ ಹಿಂದೆ ಸರಿದಳು.

"ರಾಧಮ್ಮ ಹಚ್ಚಲಿ. ನನ್ನ ಕೈಗುಣ ಗೊತ್ತಲ್ಲ."

ನನಗೆ ರೇಗಿತು. "ಅಮ್ಮ ಹಚ್ಚದೆ ಒಂದು ಪತ್ರಿಕೇನೂ ಹೊಸ್ತಿಲು ದಾಟಲ್ಲ. ಅಣ್ಣಾ, ಬಾಯಿ ಬಿಡು. ಇಲ್ಲಾಂದ್ರೆ ನಾನು ಬಿಡ್ತೀನಿ."

ಅಣ್ಣ ಗೋಡೆಗೆ ಒರಗಿ, ನೆಲ ನೋಡುತ್ತಾ ಎಲ್ಲವನ್ನೂ ಹೇಳಿದ.

"ಅಂದ್ರೆ ನಾನು ಕೆಡಿಸ್ಲಿಲ್ವಾ?" ಎಂದಳು ಅಮ್ಮ.

"ಇಲ್ಲಮ್ಮ."

"ಇದು ನಿಂಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

ಅಮ್ಮ ನನ್ನ ಕಡೆ ತಿರುಗಿದಳು. "ನಿಂಗೆ?"

"ಮೂರು ವರ್ಷದಿಂದ" ಎಂದೆ. ಅಣ್ಣನ ತಪ್ಪನ್ನು ಬಯಲಿಗೆಳೆಯುವ ಹುರುಪಿನಲ್ಲಿ ನನ್ನದು ನನಗೆ ಅಲ್ಲಿಯವರೆಗೆ ಕಂಡಿರಲೇ ಇಲ್ಲ.

ಅಮ್ಮ ನಮ್ಮಿಬ್ಬರನ್ನೂ ಒಂದು ಸಲ ನೋಡಿದಳು. ಕೋಪ ಮಾಡಿಕೊಂಡಿದ್ದರೂ ಆಗುತ್ತಿತ್ತು. ಅರಿಶಿನದ ಬಟ್ಟಲನ್ನು ನನ್ನ ಮುಂದಕ್ಕೆ ಸರಿಸಿ, ಮೊಣಕಾಲು ಹಿಡಿದುಕೊಂಡು ಎದ್ದಳು.

"ರಾಧಮ್ಮನ್ನೇ ಕರೀರಿ" ಎಂದಳು.