ಗೇಟು, ಗಂಟೆ ಮತ್ತು ಕೋರಂ

ಒಂದು ಗಂಟೆ ಹೊಡೆದರೆ ಇಡೀ ಸಭೆಯೇ ಎದ್ದು ಮನೆಗೆ ಹೋಗುತ್ತದೆಂದು ನನಗೇನು ಗೊತ್ತಿತ್ತು?

ಕಳೆದ ವಾರ ನಮ್ಮೂರಿನ ಗ್ರಾಮಸಭೆ. ಮೂಡಿಗೆರೆ ಕಡೆಯ ಗ್ರಾಮಸಭೆ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚರ್ಚೆಗಿಂತ ಕೂಗಾಟವೇ ಜಾಸ್ತಿ. ಈ ಸಲ ನಮ್ಮ ಅಧ್ಯಕ್ಷರು ಟಿವಿಯಲ್ಲಿ ವಿಧಾನಸಭೆಯ ಕಲಾಪ ನೋಡಿ (ಅದನ್ನು ನೋಡಿಯೂ!) ಶಿಸ್ತು ತರಲು ಹೊರಟಿದ್ದರು. ಒಬ್ಬರಿಗೆ ಮೂರೇ ನಿಮಿಷ. ಅಧ್ಯಕ್ಷರನ್ನು ಉದ್ದೇಶಿಸಿಯೇ ಮಾತಾಡಬೇಕು. ಯಾರ ಹೆಸರನ್ನೂ ಎತ್ತಬಾರದು. ಟೈಮ್ ಮುಗಿದರೆ ಗಂಟೆ. ಪತ್ರಿಕೆಗೆ ಬರೆಯುವವನು ನಿಷ್ಪಕ್ಷಪಾತಿಯಾಗಿರುತ್ತಾನೆ ಎಂದು ಅದ್ಯಾರೋ ನಂಬಿಸಿ, ಗಂಟೆ ಬಾರಿಸುವ ಹುದ್ದೆಯನ್ನು ನನಗೆ ಕೊಡಿಸಿದರು.

ಪಂಚಾಯ್ತಿಯಲ್ಲಿ ಗಂಟೆ ಎಲ್ಲಿದೆ? ಪಕ್ಕದ ಎಸ್ಟೇಟಿನ ರಾಜಣ್ಣನವರು, ತಮ್ಮ ತೋಟದಲ್ಲಿ ಸಂಜೆ ಕೆಲಸ ಬಿಡುವಾಗ ಬಡಿಯುವ ಕಬ್ಬಿಣದ ತುಂಡನ್ನೇ ಜೀಪಿನಲ್ಲಿ ಕಳಿಸಿಕೊಟ್ಟರು. ಉದಾರಿಗಳು. ಅವತ್ತಿನ ಮುಖ್ಯ ವಿಷಯವೂ ಅವರದ್ದೇ.

ವಿಷಯ ಇಷ್ಟು. ಗುಡ್ಡದಾಚೆಯ ಕಾಲೊನಿಯಿಂದ ಟಾರ್ ರೋಡಿಗೆ ಬರಲು ರಾಜಣ್ಣನವರ ತೋಟದೊಳಗೆ ಒಂದು ದಾರಿಯಿದೆ. ಅಜ್ಜನ ಕಾಲದಿಂದ ಜನ ಓಡಾಡಿದ ದಾರಿ. ಈಗ ಅಲ್ಲೊಂದು ಹೋಮ್‌ಸ್ಟೇ ಎದ್ದಿದೆ. ಗೆಸ್ಟ್‌ಗಳಿಗೆ ಪ್ರೈವೆಸಿ ಬೇಕಂತೆ. ಗೇಟಿಗೆ ಬೀಗ ಬಿದ್ದಿದೆ. ಕಾಲೊನಿಯವರು ಕಾಡಂಚಿನ ಸುತ್ತುದಾರಿ ಹಿಡಿಯಬೇಕು, ಅಲ್ಲಿ ಆನೆ ತಿರುಗುತ್ತಿದೆ. ಹೆದರಿ ಮಕ್ಕಳು ಶಾಲೆಗೇ ಹೋಗುತ್ತಿಲ್ಲ. ಗೇಟು ಮುಚ್ಚಿರಬೇಕೋ ಬೇಡವೋ ಎಂದು ಗ್ರಾಮಸಭೆ ಹೇಳಬೇಕಿತ್ತು.

ಮೊದಲು ರಾಜಣ್ಣನವರು ಎದ್ದರು. ಟೂರಿಸಂ, ಅಭಿವೃದ್ಧಿ, ಕಾಫಿ ರೇಟು, ಮತ್ತೆ ಟೂರಿಸಂ. ಮೂರು ನಿಮಿಷ ಯಾವಾಗಲೋ ದಾಟಿತ್ತು. ಸುತ್ತಿಗೆ ಎತ್ತಿದೆ. ಅಧ್ಯಕ್ಷರು ಕಣ್ಣಲ್ಲೇ ಬೇಡ ಎಂದರು. ಇಳಿಸಿದೆ. (ಅವರ ಗಂಟೆಯನ್ನು ಅವರಿಗೇ ಬಾರಿಸಲಾದೀತೆ? ಸಭ್ಯತೆ ಅಂತ ಒಂದಿದೆಯಲ್ಲ.)

ಆಮೇಲೆ ಗಿರಿಜಮ್ಮ. ರಾಜಣ್ಣನವರ ತೋಟದಲ್ಲೇ ಕಾಫಿ ಹಣ್ಣು ಕುಯ್ಯುವವರು, ಕಾಲೊನಿಯವರು.

"ನನ್ ಮೊಮ್ಮಗಳು ಶಾಲೆ ಬಿಟ್ಟು ಮನೇಲಿ ಕೂತಿದಾಳೆ. ಸಾವ್ಕಾರ್ರೇ, ನೀವಾದ್ರೂ..."

"ನನ್ನ ನೋಡಿ ಮಾತಾಡಮ್ಮ," ಎಂದರು ಅಧ್ಯಕ್ಷರು.

ಗಿರಿಜಮ್ಮ ತಿರುಗಿದರು. "ಈ ರಾಜಣ್ಣನೋರು ಗೇಟ್ ಹಾಕಿ..."

"ಹೆಸರು ಎತ್ತಬಾರ್ದು."

"ಮತ್ತೆ ಗೇಟ್ ಯಾರು ಹಾಕಿದ್ದು ಅಂತ ಹೇಳ್ಲಿ ಮಾರಾಯ್ರೇ?"

ನಿಯಮ ವಿವರಿಸುವುದರಲ್ಲೇ ಗಿರಿಜಮ್ಮನ ಟೈಮ್ ಮುಗಿಯಿತು. ಅಧ್ಯಕ್ಷರು ನನ್ನತ್ತ ತಲೆಯಾಡಿಸಿದರು. ಹೊಡೆದೆ. ಢಣ್!

ಜಮಖಾನದ ಮೇಲಿದ್ದ, ಅದೇ ತೋಟದಲ್ಲಿ ದುಡಿಯುವ ಕಾಲೊನಿಯ ಹೆಂಗಸರೆಲ್ಲ ಒಟ್ಟಿಗೆ ಎದ್ದರು. ಸೆರಗು ಕೊಡವಿದರು, ಚೀಲ ಹೆಗಲಿಗೇರಿಸಿದರು, ಹೊರಟೇಬಿಟ್ಟರು. ಮಾತು ಅರ್ಧಕ್ಕೇ ಬಿಟ್ಟು ಗಿರಿಜಮ್ಮನೂ! ವರ್ಷಗಟ್ಟಲೆ ಆ ಸದ್ದು ಕೇಳಿ ಮನೆಗೆ ನಡೆದ ಕಾಲುಗಳು ಸಭೆಯೋ ತೋಟವೋ ಎಂದು ವಿಚಾರಿಸುತ್ತವೆಯೇ? ಹೆಂಗಸರು ಹೊರಟಿದ್ದು ನೋಡಿ ಗಂಡಸರೂ ಎದ್ದರು.

"ವಿರೋಧ ಯಾರದ್ದೂ ಇಲ್ಲ. ಗೇಟಿಗೆ ಸರ್ವಾನುಮತದ ಒಪ್ಪಿಗೆ," ಎಂದರು ಅಧ್ಯಕ್ಷರು. ಖಾಲಿ ಜಮಖಾನದ ಎದುರು ರಾಜಣ್ಣನವರು ಚಪ್ಪಾಳೆ ತಟ್ಟಿದರು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಆಮೇಲೆ ಶಾಲು, ಹಾರ, ವೇದಿಕೆಯಲ್ಲಿದ್ದವರು ವೇದಿಕೆಯಲ್ಲಿದ್ದವರಿಗೇ ಮಾಡಿದ ಸನ್ಮಾನ, ಉದ್ದದ ವಂದನಾರ್ಪಣೆ. ಎಲ್ಲ ಮುಗಿದು ಸಹಿ ಕೇಳಿದರೆ, ತಾಲ್ಲೂಕಿನಿಂದ ಬಂದಿದ್ದ ನೋಡಲ್ ಅಧಿಕಾರಿ ಪೆನ್ನಿನ ಕ್ಯಾಪ್ ಮುಚ್ಚಿದರು.

"ಕೋರಂ ಇಲ್ವಲ್ರೀ. ಜನ ಇಲ್ದೆ ಠರಾವು ಹೇಗೆ ಪಾಸ್ ಆಗುತ್ತೆ? ನಾನು ಸಹಿ ಹಾಕಲ್ಲ."

ನಿಯಮ ತಂದವರಿಗೇ ನಿಯಮ ಅಡ್ಡ ಬಂತು. ಜನ ಅಷ್ಟರಲ್ಲಿ ಕಾಲೊನಿ ಸೇರಿಯಾಗಿತ್ತು. ಸುತ್ತುದಾರಿಯಲ್ಲಿ ವಾಪಸ್ ಕರೆಸಿದರೆ ಕತ್ತಲಾಗುತ್ತದೆ. ಅಧಿಕಾರಿ ವಾಚು ನೋಡುತ್ತಿದ್ದಾರೆ. ಆ ದಾರಿಯಲ್ಲಿ ಆನೆಯಿದೆ ಎಂಬುದು ರಾಜಣ್ಣನವರಿಗೆ ಥಟ್ಟನೆ ಹೊಳೆಯಿತು. ಮೊಬೈಲ್ ತೆಗೆದು ತಮ್ಮ ವಾಚ್‌ಮನ್‌ಗೆ ಕೂಗಿದರು: "ಕೋರಂ ಬೇಕಂತೆ ಮಾರಾಯ, ಬೇಗ ಗೇಟ್ ತೆಗ್ದು ಎಲ್ಲರನ್ನೂ ಒಳಗಿಂದ್ಲೇ ಕಳ್ಸು!"

ಬಂದರು. ಹೋಮ್‌ಸ್ಟೇಯ ಗೆಸ್ಟ್‌ಗಳು ಬಾಲ್ಕನಿಯಿಂದ ಫೋಟೋ ತೆಗೆಯುತ್ತಿದ್ದಂತೆ, ಇಡೀ ಕಾಲೊನಿ ಅದೇ ದಾರಿಯಲ್ಲಿ ಇಳಿದು ಬಂತು. ಗಿರಿಜಮ್ಮ ಮೊಮ್ಮಗಳನ್ನೂ ಕರೆತಂದಿದ್ದರು.

"ಗೇಟ್ ಮುಚ್ಚೋದಕ್ಕೆ ಯಾರದ್ದಾದ್ರೂ ಆಕ್ಷೇಪ ಇದೆಯಾ?" ಅಧ್ಯಕ್ಷರು ಗಡಿಬಿಡಿಯಲ್ಲಿ ಕೇಳಿದರು.

ಗಿರಿಜಮ್ಮ ಎದ್ದು ನಿಂತು ಅವರನ್ನೇ ನೋಡಿದರು.

"ಅಧ್ಯಕ್ಷರೇ, ಗೇಟ್ ಮುಚ್ಚಿದ್ರೆ ಮುಂದಿನ್ ಸಭೆಗೆ ನಿಮ್ ಕೋರಂ ಯಾವ್ ದಾರೀಲಿ ಬರ್ತದೆ?"